ಅಳೆಯುವ ಕೈ ಯಾರದು? ಶಾಸಕರ ಸಂಬಳ ಮತ್ತು ಕ್ಷೇತ್ರದ ಗಡಿ

ಚುನಾವಣೆಯ ಫಲಿತಾಂಶವನ್ನು ರೇಡಿಯೋದಲ್ಲಿ ಕೇಳುವಾಗ ನಮ್ಮೆಲ್ಲರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಗೆದ್ದವರು ಯಾರು? ಆದರೆ ಆ ಪ್ರಶ್ನೆಯ ಹಿಂದೆಯೂ ಮುಂದೆಯೂ ಇನ್ನೆರಡು ಪ್ರಶ್ನೆಗಳುಂಟು. ಗೆದ್ದವರು ಯಾವ ಗಡಿಯೊಳಗೆ ಗೆದ್ದರು, ಆ ಗಡಿಯನ್ನು ಎಳೆದವರು ಯಾರು ಎಂಬುದು ಒಂದು. ಗೆದ್ದು ಸಭೆಗೆ ಹೋದ ಮೇಲೆ ಅವರಿಗೆ ಸಲ್ಲುವ ಸಂಬಳ ಎಷ್ಟು, ಅದನ್ನು ಗೊತ್ತುಮಾಡುವವರು ಯಾರು ಎಂಬುದು ಇನ್ನೊಂದು. ಮೊದಲನೆಯದು ನಕ್ಷೆಯ ಮಾತು, ಎರಡನೆಯದು ಲೆಕ್ಕದ ಮಾತು. ಎರಡೂ ಒಣ ವಿಷಯಗಳೆಂದು ಸಾಮಾನ್ಯವಾಗಿ ನಾವು ಕೈಬಿಡುತ್ತೇವೆ. ಹಾಗೆ ಕೈಬಿಡುವುದರಿಂದ ನಮ್ಮ ಮತದ ಬೆಲೆಯೇ ಕುಗ್ಗಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಅಣ್ಣತಮ್ಮಂದಿರು ಮನೆಯ ಆಸ್ತಿಯನ್ನು ಹಂಚಿಕೊಳ್ಳುವಾಗ ಹಿರಿಯರು ಹೇಳುವ ಒಂದು ಕಟ್ಟಳೆ ನಿಮಗೆ ಗೊತ್ತಿರಬಹುದು. ಒಬ್ಬ ಪಾಲು ಮಾಡಬೇಕು, ಇನ್ನೊಬ್ಬ ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವನೇ ಆರಿಸಿಕೊಳ್ಳುವವನೂ ಆದರೆ, ಅವನು ಎಷ್ಟೇ ಧರ್ಮಿಷ್ಠನಾಗಿರಲಿ, ಅನುಮಾನ ತಪ್ಪಿದ್ದಲ್ಲ. ಶಾಸನಸಭೆಗಳ ವಿಷಯದಲ್ಲಿ ಈ ಕಟ್ಟಳೆಯನ್ನು ಎಲ್ಲಿ ಪಾಲಿಸಿದ್ದೇವೆ, ಎಲ್ಲಿ ಬಿಟ್ಟಿದ್ದೇವೆ ಎಂಬುದೇ ಇಲ್ಲಿರುವ ತಿರುಳು.

ಒಂದೇ ಅರ್ಜಿಯ ಎರಡು ಬೇಡಿಕೆಗಳು

ಸಂಬಳಕ್ಕೂ ಗಡಿಗೂ ಏನು ನಂಟು ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಕೆಲಸಗಾರರು 1838ರಲ್ಲಿ ಒಂದು ಬೇಡಿಕೆಪತ್ರವನ್ನು ಪ್ರಕಟಿಸಿದರು. ಚರಿತ್ರೆಯಲ್ಲಿ ಅದಕ್ಕೆ ಜನತೆಯ ಸನ್ನದು ಎಂದು ಹೆಸರು. ಅದರಲ್ಲಿದ್ದ ಬೇಡಿಕೆಗಳು ಆರು. ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳ ಕೊಡಬೇಕು ಎಂಬುದು ಅವುಗಳಲ್ಲಿ ಒಂದು. ಕ್ಷೇತ್ರಗಳೆಲ್ಲ ಸಮನಾಗಿರಬೇಕು ಎಂಬುದು ಮತ್ತೊಂದು.

ಕೂಲಿ ಮಾಡಿ ಬದುಕುವವರು ಅರಸುಮಕ್ಕಳಂಥ ಸದಸ್ಯರಿಗೆ ಸಂಬಳ ಕೊಡಿ ಎಂದು ಕೇಳಿದ್ದೇಕೆ? ಅಂದಿನ ಸದಸ್ಯರಿಗೆ ಸಂಬಳವೇ ಇರಲಿಲ್ಲ. ಸಂಬಳವಿಲ್ಲದ ಸಭೆಗೆ ಜಮೀನ್ದಾರನು ಹೋಗಬಲ್ಲ, ಸಾಹುಕಾರನು ಹೋಗಬಲ್ಲ; ನೇಯ್ಗೆಯವನು ಹೋದರೆ ಅವನ ಮನೆಯ ಒಲೆ ಹೊತ್ತುವುದು ಹೇಗೆ? ಆದ್ದರಿಂದ ಸಂಬಳ ಎಂಬುದು ಬಡವನಿಗೆ ಸಭೆಯ ಬಾಗಿಲು ತೆರೆಯುವ ಬೀಗದ ಕೈಯಾಗಿತ್ತು. ಆ ಬೇಡಿಕೆ ಕೈಗೂಡಲು 1911ರ ವರೆಗೆ ಕಾಯಬೇಕಾಯಿತು. ಆ ವರ್ಷ ಬ್ರಿಟಿಷ್ ಕೆಳಮನೆಯ ಸದಸ್ಯರಿಗೆ ವರ್ಷಕ್ಕೆ 400 ಪೌಂಡು ಗೊತ್ತಾಯಿತು.

ಗಡಿಯ ಕಥೆ ಇನ್ನೂ ವಿಚಿತ್ರವಾದುದು. ಇಂಗ್ಲೆಂಡಿನಲ್ಲಿ ಓಲ್ಡ್ ಸೇರಮ್ ಎಂಬ ಹಳೆಯ ಕೋಟೆಯ ದಿಬ್ಬವೊಂದಿತ್ತು. ಅಲ್ಲಿ ಊರೆಂಬುದು ಎಂದೋ ಅಳಿದುಹೋಗಿತ್ತು. ಆದರೂ 1832ರ ವರೆಗೆ ಆ ದಿಬ್ಬದ ಹೆಸರಿನಲ್ಲಿ ಇಬ್ಬರು ಪ್ರತಿನಿಧಿಗಳು ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಅದೇ ಕಾಲದಲ್ಲಿ ಗಿರಣಿಗಳಿಂದ ತುಂಬಿ ತುಳುಕುತ್ತಿದ್ದ ಮ್ಯಾಂಚೆಸ್ಟರ್ ನಗರಕ್ಕೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಊರು ಬೆಳೆಯುತ್ತದೆ, ಊರು ಕರಗುತ್ತದೆ. ಗಡಿಯೊಂದು ಕದಲದೆ ನಿಂತರೆ ಕಲ್ಲುಮಣ್ಣಿಗೆ ಮತ, ಮನುಷ್ಯರಿಗೆ ಮೌನ.

ಸಂಬಳವಿಲ್ಲದಿದ್ದರೆ ಬಡವನು ಸಭೆಗೆ ಹೋಗಲಾರ. ಗಡಿ ಸಮನಾಗಿರದಿದ್ದರೆ ಅವನ ಮತಕ್ಕೆ ತೂಕವಿರಲಾರದು. ಎರಡೂ ಬೇಡಿಕೆಗಳು ಒಂದೇ ಪತ್ರದಲ್ಲಿ ಸೇರಿದ್ದುದರ ಮರ್ಮ ಇದು.

ಸಂಬಳದ ಚೀಲ

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ರಾಜ್ಯಾಂಗದ 106ನೆಯ ಅನುಚ್ಛೇದವು ಪಾರ್ಲಿಮೆಂಟಿನ ಸದಸ್ಯರ ಸಂಬಳವನ್ನೂ, 195ನೆಯ ಅನುಚ್ಛೇದವು ರಾಜ್ಯಗಳ ವಿಧಾನಮಂಡಲದ ಸದಸ್ಯರ ಸಂಬಳವನ್ನೂ ಕುರಿತದ್ದು. ಎರಡರ ತಾತ್ಪರ್ಯವೂ ಒಂದೇ: ಸಂಬಳ ಮತ್ತು ಭತ್ಯೆ ಎಷ್ಟೆಂಬುದನ್ನು ಆಯಾ ಸಭೆಯೇ ಕಾನೂನು ಮಾಡಿ ಗೊತ್ತುಪಡಿಸಬೇಕು. ಮಂತ್ರಿಗಳ ಆಜ್ಞೆಯಿಂದ ಆಗತಕ್ಕದ್ದಲ್ಲ, ಗುಟ್ಟಾಗಿ ಆಗತಕ್ಕದ್ದಲ್ಲ. ಮಸೂದೆ ಮಂಡನೆಯಾಗಬೇಕು, ಮತಕ್ಕೆ ಬೀಳಬೇಕು. ಪಾರ್ಲಿಮೆಂಟು 1954ರಲ್ಲಿ ಇಂಥ ಕಾನೂನು ಮಾಡಿದಾಗ ಸದಸ್ಯರ ಸಂಬಳ ತಿಂಗಳಿಗೆ 400 ರೂಪಾಯಿ, ಸಭೆ ನಡೆಯುವ ದಿನಗಳಿಗೆ ದಿನಕ್ಕೆ 21 ರೂಪಾಯಿ ಭತ್ಯೆ ಇತ್ತು. ನಮ್ಮ ರಾಜ್ಯದಲ್ಲಿ, ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, 1956ರ ಕಾನೂನು ಬಂದಿತು. ಅನೇಕ ತಿದ್ದುಪಡಿಗಳೊಡನೆ ಕರ್ನಾಟಕದಲ್ಲಿ ನಡೆದುಬಂದಿರುವುದು ಅದೇ ಕಾನೂನು. ವಿಧಾನಸಭೆಯ 224 ಮಂದಿ, ವಿಧಾನಪರಿಷತ್ತಿನ 75 ಮಂದಿ, ಒಟ್ಟು 299 ಸದಸ್ಯರ ಲೆಕ್ಕ ಅದರಲ್ಲಿ ಸೇರಿದೆ.

ಸಂಬಳ ಬೇರೆ, ಭತ್ಯೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸಂಬಳವು ದುಡಿಮೆಗೆ ಸಲ್ಲುವ ಪ್ರತಿಫಲ. ಭತ್ಯೆಯು ಕೆಲಸಕ್ಕಾಗಿ ತಗಲುವ ಖರ್ಚಿಗೆ ಕೊಡುವ ಹಣ: ಕ್ಷೇತ್ರದಲ್ಲಿ ತಿರುಗಾಡುವ ವೆಚ್ಚ, ಟೆಲಿಫೋನು, ಅಂಚೆ, ಸಹಾಯಕರ ವೇತನ, ಸಭೆಯ ದಿನಗಳ ಖರ್ಚು. ಇವಲ್ಲದೆ ಮಾಜಿ ಸದಸ್ಯರಿಗೆ ನಿವೃತ್ತಿವೇತನವೂ ಉಂಟು. ಸಂಬಳ ಎಷ್ಟೆಂದು ಪತ್ರಿಕೆಯಲ್ಲಿ ಓದಿ ಇಷ್ಟೇ ಎಂದುಕೊಳ್ಳುವವರು ಲೆಕ್ಕದ ಒಂದು ಅಂಕಣವನ್ನು ಮಾತ್ರ ಓದಿದಂತಾಯಿತು.

ಇನ್ನೊಂದು ಸೂಕ್ಷ್ಮವುಂಟು. ಸಭಾಧ್ಯಕ್ಷರು ಮತ್ತು ಉಪಸಭಾಧ್ಯಕ್ಷರ ಸಂಬಳವು ನ್ಯಾಯಮೂರ್ತಿಗಳ ಸಂಬಳದಂತೆ ಸಭೆಯ ಮತಕ್ಕೆ ಬೀಳದೆ ನೇರವಾಗಿ ರಾಜ್ಯದ ಸಂಚಿತ ನಿಧಿಯಿಂದ ಸಲ್ಲುತ್ತದೆ. ಸಭೆಯನ್ನು ನಡೆಸುವವರು ಸಭೆಯ ಕೃಪೆಯ ಹಂಗಿನಲ್ಲಿರಬಾರದು ಎಂಬುದು ಇದರ ಅರ್ಥ. ಸಾಮಾನ್ಯ ಸದಸ್ಯರ ಸಂಬಳದ ಹಣವಾದರೋ ಪ್ರತಿ ವರ್ಷವೂ ಆಯವ್ಯಯದೊಡನೆ ಮತಕ್ಕೆ ಬರಬೇಕು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಕೊನೆಗೆ ಅಳೆಯುವವರೂ ಕೊಳ್ಳುವವರೂ ಒಬ್ಬರೇ ಎಂಬ ಮಾತು ಉಳಿದೇ ಉಳಿಯುತ್ತದೆ. ಕರ್ನಾಟಕದ ವಿಧಾನಸಭೆಯು 2022ರ ಫೆಬ್ರವರಿಯಲ್ಲಿ ಶಾಸಕರ ಸಂಬಳವನ್ನು ತಿಂಗಳಿಗೆ 25,000 ರೂಪಾಯಿಗಳಿಂದ 40,000ಕ್ಕೆ ಏರಿಸುವ ಮಸೂದೆಗೆ ಒಪ್ಪಿತು. 2025ರ ಮಾರ್ಚ್ 21ರಂದು ಅದನ್ನು 80,000ಕ್ಕೂ, ಮುಖ್ಯಮಂತ್ರಿಗಳ ಸಂಬಳವನ್ನು 75,000ದಿಂದ 1,50,000ಕ್ಕೂ ಏರಿಸುವ ಮಸೂದೆಗಳಿಗೆ ಒಪ್ಪಿತು. ಎರಡು ಸಲವೂ ಸಭೆಯಲ್ಲಿ ಬೇರೆ ಯಾವುದೋ ವಿಷಯಕ್ಕೆ ಗದ್ದಲ ನಡೆದಿತ್ತು. ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಮಸೂದೆಗಳು ದಾಟಿಹೋದವು. ಎರಡನೆಯ ಸಲವಂತೂ ಅದೇ ದಿನ ವಿರೋಧಪಕ್ಷದ 18 ಮಂದಿ ಶಾಸಕರು ಆರು ತಿಂಗಳ ಕಾಲಕ್ಕೆ ಅಮಾನತ್ತಾದರು. ಉಳಿದ ವಿಷಯಗಳಲ್ಲಿ ಎಣ್ಣೆ ಸೀಗೆಯಂತಿದ್ದ ಪಕ್ಷಗಳು ಈ ಒಂದು ವಿಷಯದಲ್ಲಿ ಸೊಲ್ಲೆತ್ತಲಿಲ್ಲ ಎಂದು ಜನ ಆಡಿಕೊಂಡರೆ ತಪ್ಪು ಹೊರಿಸುವುದು ಕಷ್ಟ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸಂಬಳ ಏರಿದ್ದೇ ತಪ್ಪೆಂದಲ್ಲ. ಬೆಲೆಗಳು ಏರುತ್ತವೆ. ಶಾಸಕನ ಮನೆಯ ಬಾಗಿಲಿಗೆ ಬೆಳಗಾದರೆ ಜನ ಬರುತ್ತಾರೆ, ಮದುವೆ, ಮರಣ, ಜಾತ್ರೆಗಳಿಗೆ ಅವನು ಹೋಗಲೇಬೇಕು. ಸಂಬಳವನ್ನು ತೀರ ಕಡಿಮೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯವೇ ನಿದರ್ಶನ. ಅಲ್ಲಿನ ಶಾಸಕರ ಸಂಬಳ ಎರಡು ವರ್ಷದ ಅವಧಿಗೆ 200 ಡಾಲರ್ ಎಂದು 1889ರಲ್ಲಿ ರಾಜ್ಯಾಂಗದಲ್ಲೇ ಬರೆದಿಟ್ಟರು. ನೂರು ವರ್ಷ ಕಳೆದ ಮೇಲೂ ಅದು ಏರಲಿಲ್ಲ. ಬೇರೆ ವರಮಾನವಿದ್ದವರು ಮಾತ್ರ ಅಂಥ ಸಂಬಳಕ್ಕೆ ದುಡಿಯಬಲ್ಲರು. 1838ರ ಕೆಲಸಗಾರರು ಯಾವ ಬಾಗಿಲನ್ನು ತೆರೆಯಿರೆಂದು ಕೇಳಿದ್ದರೋ ಅದು ಹಾಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನಾವು ಕೇಳಬೇಕಾದದ್ದು ಮೊತ್ತ ಎಷ್ಟು ಎಂಬುದಕ್ಕಿಂತ, ಅದನ್ನು ಗೊತ್ತುಮಾಡಿದ ಬಗೆ ಹೇಗೆ ಎಂಬುದನ್ನು.

ಬೇರೆ ಬಗೆಗಳೂ ಇವೆ. ನಮ್ಮ ಪಾರ್ಲಿಮೆಂಟು 2018ರಲ್ಲಿ ಸದಸ್ಯರ ಸಂಬಳವನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಐದು ವರ್ಷಕ್ಕೊಮ್ಮೆ ಅದರ ಪ್ರಕಾರವೇ ಏರಿಕೆ. ಆ ಲೆಕ್ಕದಂತೆ 2025ರಲ್ಲಿ ಒಂದು ಲಕ್ಷ ಇದ್ದದ್ದು 1,24,000 ಆಯಿತು. ಬ್ರಿಟನ್ನಿನಲ್ಲಿ 2009ರಲ್ಲಿ ಸದಸ್ಯರ ಖರ್ಚಿನ ಪಟ್ಟಿಗಳು ಬಯಲಾಗಿ ದೊಡ್ಡ ಹಗರಣವೆದ್ದಿತು. ಅದೇ ವರ್ಷ ಕಾನೂನು ಮಾಡಿ ಲೆಕ್ಕವನ್ನು ಸಭೆಯ ಕೈಯಿಂದ ತೆಗೆದು ಒಂದು ಸ್ವತಂತ್ರ ಸಂಸ್ಥೆಗೆ ಒಪ್ಪಿಸಿದರು. ನಮ್ಮಲ್ಲಿ ಮಾಜಿ ಸದಸ್ಯರ ನಿವೃತ್ತಿವೇತನವನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಿಗೆ 2018ರಲ್ಲಿ ಸೋಲಾಯಿತು. ಅಂದರೆ ಈ ವಿಷಯದಲ್ಲಿ ನ್ಯಾಯಾಲಯ ನಮ್ಮ ನೆರವಿಗೆ ಬರುವುದಿಲ್ಲ. ಸಭೆಯನ್ನು ಕೇಳಬೇಕಾದವರು ನಾವೇ.

ಗಡಿಯ ಗೆರೆ

ಸಂಬಳದ ಅಳತೆಯನ್ನು ಸಭೆಯ ಕೈಗೇ ಬಿಟ್ಟ ರಾಜ್ಯಾಂಗದ ಪದ್ಧತಿಯಲ್ಲಿ, ವಿಧಾನಸಭೆ ಮತ್ತು ಲೋಕಸಭೆಯ ಕ್ಷೇತ್ರಗಳ ಗಡಿಯನ್ನು ಮಾತ್ರ ಸದಸ್ಯರ ಕೈಗೆ ಬಿಡಲಿಲ್ಲ. ಒಂದೊಂದು ಜನಗಣತಿಯ ನಂತರವೂ ಕ್ಷೇತ್ರಗಳನ್ನು ಹೊಂದಿಸಬೇಕೆಂದು ರಾಜ್ಯಾಂಗ ಹೇಳಿತು. ಅದಕ್ಕಾಗಿ ಪಾರ್ಲಿಮೆಂಟು ಕಾನೂನು ಮಾಡಿ ಕ್ಷೇತ್ರ ಪುನರ್ವಿಂಗಡಣಾ ಆಯೋಗವನ್ನು ನೇಮಿಸುತ್ತದೆ. 1952, 1962, 1972 ಮತ್ತು 2002ರಲ್ಲಿ ಇಂಥ ನಾಲ್ಕು ಕಾನೂನುಗಳು ಬಂದವು.

2002ರ ಕಾನೂನಿನ ಆಯೋಗದ ರಚನೆಯನ್ನು ನೋಡಿ. ಅಧ್ಯಕ್ಷರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿರುವವರು ಅಥವಾ ಆಗಿದ್ದವರು. ಆ ಸಲ ನ್ಯಾಯಮೂರ್ತಿ ಕುಲದೀಪ್ ಸಿಂಗ್. ಅವರ ಜೊತೆಗೆ ಕೇಂದ್ರ ಚುನಾವಣಾ ಆಯೋಗದ ಒಬ್ಬರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಪ್ರತಿ ರಾಜ್ಯದಿಂದ ಐವರು ಲೋಕಸಭಾ ಸದಸ್ಯರೂ ಐವರು ಶಾಸಕರೂ ಸಹಸದಸ್ಯರಾಗಿ ಕುಳಿತುಕೊಳ್ಳುತ್ತಾರೆ. ಅವರು ಸಲಹೆ ಕೊಡಬಹುದು, ಭಿನ್ನಾಭಿಪ್ರಾಯ ಬರೆದಿಡಬಹುದು. ಆದರೆ ಮತ ಹಾಕುವ ಹಕ್ಕಾಗಲಿ ತೀರ್ಮಾನಕ್ಕೆ ರುಜು ಹಾಕುವ ಹಕ್ಕಾಗಲಿ ಅವರಿಗಿಲ್ಲ. ಪಾಲುದಾರನು ಅಂಗಳದಲ್ಲಿ ನಿಂತು ಮಾತಾಡಬಹುದು, ಅಳತೆಯ ಹಗ್ಗ ಮಾತ್ರ ಅವನ ಕೈಗಿಲ್ಲ.

ಆಯೋಗವು ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಸಹಸದಸ್ಯರ ಭಿನ್ನಾಭಿಪ್ರಾಯಗಳೂ ಅದರೊಡನೆ ಪ್ರಕಟವಾಗಬೇಕು. ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಕೇಳಿ, ಆಮೇಲೆ ಅಂತಿಮ ಆಜ್ಞೆ ಹೊರಡಿಸಬೇಕು. ಆ ಆಜ್ಞೆಯನ್ನು ಲೋಕಸಭೆಯ ಮುಂದೆಯೂ ವಿಧಾನಸಭೆಯ ಮುಂದೆಯೂ ಇಡುತ್ತಾರೆ. ಆದರೆ ಅದರಲ್ಲಿ ಒಂದಕ್ಷರವನ್ನೂ ತಿದ್ದಲು ಆ ಸಭೆಗಳಿಗೆ ಅಧಿಕಾರವಿಲ್ಲ. ಉಜ್ಜಯಿನಿಯ ಕ್ಷೇತ್ರವೊಂದನ್ನು ಕುರಿತ ಮೊಕದ್ದಮೆಯಲ್ಲಿ, ಪ್ರಕಟವಾದ ಆಜ್ಞೆಗೆ ಕಾನೂನಿನ ಬಲವಿದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ ಮನಬಂದಂತೆ, ರಾಜ್ಯಾಂಗದ ತತ್ತ್ವಕ್ಕೆ ವಿರೋಧವಾಗಿ ಮಾಡಿದ ಆಜ್ಞೆಯನ್ನು ನ್ಯಾಯಾಲಯ ನೋಡಬಹುದು ಎಂಬ ಸಣ್ಣ ಕಿಂಡಿಯನ್ನು ಅದೇ ನ್ಯಾಯಾಲಯ 2024ರಲ್ಲಿ ತೆರೆಯಿತು.

ಇದರ ಪರಿಣಾಮವನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಇದನ್ನು 224 ಸ್ಥಾನಗಳಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2,35,940 ಜನ. ಇದೇ ಅಳತೆಗೋಲು. ಇದನ್ನು ಹಿಡಿದುಕೊಂಡು ಎರಡು ಜಿಲ್ಲೆಗಳನ್ನು ಅಳೆಯೋಣ.

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124. ಭಾಗಿಸಿದರೆ ಇಪ್ಪತ್ತೇಳೂ ಮುಕ್ಕಾಲಿನಷ್ಟು ಬರುತ್ತದೆ. ಜಿಲ್ಲೆಗೆ 28 ಕ್ಷೇತ್ರಗಳಾದವು. ಅದಕ್ಕೆ ಹಿಂದೆ ಊರು ಬೆಳೆದು ಬೆಳೆದು ಉತ್ತರಹಳ್ಳಿಯಂಥ ಒಂದೊಂದು ಕ್ಷೇತ್ರವೇ ಒಂದು ಪಟ್ಟಣದಷ್ಟು ಮತದಾರರನ್ನು ಹೊತ್ತಿತ್ತು. ಅಲ್ಲಿನ ಒಂದು ಮತದ ತೂಕ ರಾಜ್ಯದ ಇತರೆಡೆಯ ಮತದ ಒಂದು ಪಾಲಿನಷ್ಟೇ ಇತ್ತು. ಹೊಸ ನಕ್ಷೆಯಲ್ಲಿ ಉತ್ತರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಗಿ ಅನೇಕ ಕ್ಷೇತ್ರಗಳಾಗಿ ಒಡೆಯಿತು.

ಕೊಡಗಿನ ಜನಸಂಖ್ಯೆ 5,48,561. ಅಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಕ್ಷೇತ್ರಗಳಿದ್ದವು. ಮೂರನ್ನೇ ಉಳಿಸಿದರೆ ಒಂದಕ್ಕೆ 1,82,854 ಜನ. ಎರಡು ಮಾಡಿದರೆ 2,74,280. ಸರಾಸರಿಗೆ ಹತ್ತಿರವಾದದ್ದು ಎರಡು. ಸೋಮವಾರಪೇಟೆ ಕ್ಷೇತ್ರ ಹೋಯಿತು. 1956ರ ವರೆಗೆ ಪ್ರತ್ಯೇಕ ರಾಜ್ಯವಾಗಿದ್ದು 24 ಸದಸ್ಯರ ತನ್ನದೇ ವಿಧಾನಸಭೆಯಿದ್ದ ನಾಡಿಗೆ ಇಬ್ಬರು ಶಾಸಕರು ಉಳಿದರು. ಬೆಟ್ಟಕಣಿವೆಗಳ ಊರುಗಳಲ್ಲಿ ಮಳೆಗಾಲದಲ್ಲಿ ಶಾಸಕನು ಮನೆಮನೆಗೆ ತಲುಪುವುದು ಎಷ್ಟು ಕಷ್ಟವೆಂಬುದು ಅಲ್ಲಿಯವರಿಗೆ ಗೊತ್ತು. ಭೂಮಿಯ ಸ್ವರೂಪ, ಆಡಳಿತದ ಎಲ್ಲೆ, ಸಂಚಾರದ ಅನುಕೂಲ, ಇವನ್ನೆಲ್ಲ ನೋಡಬೇಕೆಂದು ಕಾನೂನೂ ಹೇಳುತ್ತದೆ. ಆದರೆ ಮೊದಲ ಮಾತು ತಲೆಗಳ ಎಣಿಕೆಯದೇ. ಸಮತೆಗೂ ಒಂದು ಬೆಲೆಯುಂಟು, ಅದನ್ನು ಯಾರಾದರೂ ತೆರಬೇಕು. ಕೊಡಗಿನವರ ಕೊರಗು ನ್ಯಾಯವಾದದ್ದೇ. ಆದರೆ ಯಾವುದೋ ಪಕ್ಷವು ತನ್ನ ಲಾಭಕ್ಕಾಗಿ ತಮ್ಮ ಸ್ಥಾನ ಕಿತ್ತುಕೊಂಡಿತು ಎಂದು ಅವರು ಹೇಳುವಂತಿಲ್ಲ. ಅಳೆದ ಕೈ ಹೊರಗಿನದಾದ್ದರಿಂದ ಬಂದ ಲಾಭ ಅದು.

ಇದೇ ಆಜ್ಞೆಯಿಂದ ಪರಿಶಿಷ್ಟ ಜಾತಿಗಳಿಗೆ ಮೀಸಲಾದ ವಿಧಾನಸಭಾ ಸ್ಥಾನಗಳು 33ರಿಂದ 36ಕ್ಕೂ, ಪರಿಶಿಷ್ಟ ಬುಡಕಟ್ಟುಗಳ ಸ್ಥಾನಗಳು 2ರಿಂದ 15ಕ್ಕೂ ಏರಿದವು. ಎಷ್ಟೋ ವರ್ಷ ಸಲ್ಲಬೇಕಾದ ಪಾಲು ಸಲ್ಲದೆ ನಿಂತಿತ್ತು ಎಂಬುದಕ್ಕೆ ಈ ಎರಡನೆಯ ಅಂಕಿಯೇ ಸಾಕ್ಷಿ. ಹೊಸ ಗಡಿಗಳ ಪ್ರಕಾರ ದೇಶದಲ್ಲಿ ಮೊದಲು ಚುನಾವಣೆ ನಡೆಸಿದ ರಾಜ್ಯವೂ ಕರ್ನಾಟಕವೇ, 2008ರ ಮೇ ತಿಂಗಳಲ್ಲಿ.

ನಿಂತ ಗಡಿಯಾರ

ಗಡಿ ಅಷ್ಟು ಕಾಲ ಕದಲದೆ ಇದ್ದುದೇಕೆ? 1978ರಿಂದ 2004ರ ವರೆಗೆ ಏಳು ವಿಧಾನಸಭಾ ಚುನಾವಣೆಗಳು 1971ರ ಜನಗಣತಿಯ ಅಳತೆಯ ಮೇಲೆಯೇ ನಡೆದವು. 1976ರ 42ನೆಯ ತಿದ್ದುಪಡಿಯು 2001ರ ವರೆಗೆ ಗಡಿಯಾರವನ್ನು ನಿಲ್ಲಿಸಿತು. ಕುಟುಂಬಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳು ಜನಸಂಖ್ಯೆ ಕಡಿಮೆಯಾಯಿತೆಂದು ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬಾರದು ಎಂಬುದು ಇದಕ್ಕೆ ಕೊಟ್ಟ ಕಾರಣ. ಆಮೇಲೆ 84ನೆಯ ತಿದ್ದುಪಡಿಯು, 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ತನಕ ರಾಜ್ಯಗಳ ನಡುವಣ ಸ್ಥಾನಗಳ ಹಂಚಿಕೆ ಬದಲಾಗಕೂಡದೆಂದು ಗೊತ್ತುಮಾಡಿತು. 2003ರ 87ನೆಯ ತಿದ್ದುಪಡಿಯು ರಾಜ್ಯದೊಳಗಿನ ಗಡಿಗಳನ್ನು ಮಾತ್ರ 2001ರ ಅಂಕಿಗಳಿಗೆ ಹೊಂದಿಸಲು ದಾರಿ ಮಾಡಿತು.

ಕರ್ನಾಟಕಕ್ಕೆ ಲೋಕಸಭೆಯಲ್ಲಿರುವ 28 ಸ್ಥಾನಗಳು ಆ 1971ರ ಎಣಿಕೆಯ ಫಲ. ಗಡಿಯಾರವನ್ನು ಮತ್ತೆ ನಡೆಸಿದರೆ ದಕ್ಷಿಣದ ರಾಜ್ಯಗಳ ಪಾಲು ಕುಗ್ಗೀತೆಂಬ ಚಿಂತೆ 2025ರಲ್ಲಿ ಗಟ್ಟಿಯಾಗಿ ಕೇಳಿಬಂತು. ನಡೆಸದೆ ಬಿಟ್ಟರೆ ಉತ್ತರದ ರಾಜ್ಯಗಳ ಮತದಾರನ ಮತ ಹಗುರವಾಗಿಯೇ ಉಳಿಯುತ್ತದೆ. 2023ರಲ್ಲಿ ಒಪ್ಪಿದ 106ನೆಯ ತಿದ್ದುಪಡಿಯು ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಕೊಡುವುದನ್ನೂ ಮುಂದಿನ ಪುನರ್ವಿಂಗಡಣೆಗೇ ಗಂಟು ಹಾಕಿತು. ಎರಡು ನ್ಯಾಯಗಳ ನಡುವಿನ ಈ ತಕ್ಕಡಿಯನ್ನು ಹಿಡಿಯುವುದು ಸುಲಭದ ಕೆಲಸವಲ್ಲ.

ಗಡಿಯನ್ನು ಶಾಸಕರೇ ಎಳೆದಾಗ

ಹೊರಗಿನ ಕೈ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ರಾಜ್ಯಗಳನ್ನು ನೋಡಬೇಕು. ಅಲ್ಲಿ ಬಹುಕಾಲದಿಂದ ಅನೇಕ ರಾಜ್ಯಗಳಲ್ಲಿ ಗಡಿ ಎಳೆಯುವವರು ಶಾಸಕರೇ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಲ್‌ಬ್ರಿಜ್ ಗೆರ್ರಿ ಎಂಬ ಗವರ್ನರು ರುಜು ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರವು ಸೊಟ್ಟಸೊಟ್ಟಗೆ ಹರಿದಾಡಿ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಆಕಾರ ತಾಳಿತ್ತು. ಪತ್ರಿಕೆಯವರು ಆ ಪ್ರಾಣಿಗೂ ಗವರ್ನರಿಗೂ ಗಂಟು ಹಾಕಿ ಗೆರಿಮ್ಯಾಂಡರ್ ಎಂದು ಹೆಸರಿಟ್ಟರು. ಸ್ವಪಕ್ಷಕ್ಕೆ ಅನುಕೂಲವಾಗುವಂತೆ ಗಡಿ ತಿರುಚುವುದಕ್ಕೆ ಇಂದಿಗೂ ಅದೇ ಹೆಸರು.

ತಿರುಚುವುದು ಒಂದು ಬಗೆಯಾದರೆ ಸುಮ್ಮನಿರುವುದು ಇನ್ನೊಂದು ಬಗೆ. ಟೆನೆಸಿ ರಾಜ್ಯದ ಶಾಸಕರು 1901ರ ನಂತರ ಅರವತ್ತು ವರ್ಷ ಕ್ಷೇತ್ರಗಳನ್ನು ಮರುಹಂಚಿಕೆ ಮಾಡಲೇ ಇಲ್ಲ. ಜನ ಪಟ್ಟಣಗಳಿಗೆ ಹೋದರು, ಸ್ಥಾನಗಳು ಹಳ್ಳಿಗಳಲ್ಲೇ ಉಳಿದವು. ಹಳೆಯ ಗಡಿಯಿಂದ ಗೆದ್ದವರು ಹಳೆಯ ಗಡಿಯನ್ನು ಏಕೆ ಅಳಿಸಿಯಾರು? ಕೊನೆಗೆ 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಂಥ ದೂರನ್ನು ನ್ಯಾಯಾಲಯಗಳು ಕೇಳಬಹುದೆಂದು ಹೇಳಿದ ಮೇಲೆ ಬಾಗಿಲು ತೆರೆಯಿತು.

ಕ್ಯಾಲಿಫೋರ್ನಿಯ ರಾಜ್ಯದವರು ನಮ್ಮ ಎರಡು ವಿಷಯಗಳನ್ನೂ ಒಂದೇ ಮಾರ್ಗದಲ್ಲಿ ಬಗೆಹರಿಸಲು ಹೊರಟರು. 1990ರಲ್ಲಿ ಜನರ ನೇರ ಮತದಿಂದ ಶಾಸಕರ ಸಂಬಳವನ್ನು ಒಂದು ನಾಗರಿಕ ಆಯೋಗಕ್ಕೆ ಒಪ್ಪಿಸಿದರು. 2008ರಲ್ಲಿ ಶಾಸನಸಭೆಯ ಕ್ಷೇತ್ರಗಳ ಗಡಿಯನ್ನು ಇನ್ನೊಂದು ನಾಗರಿಕ ಆಯೋಗಕ್ಕೆ ಕೊಟ್ಟರು. ರಾಷ್ಟ್ರೀಯ ಕಾಂಗ್ರೆಸ್ಸಿನ ಕ್ಷೇತ್ರಗಳನ್ನು 2010ರಲ್ಲಿ ಅದಕ್ಕೆ ಸೇರಿಸಿದರು. ಆದರೆ 2025ರ ನವೆಂಬರಿನಲ್ಲಿ, ಟೆಕ್ಸಸ್ ರಾಜ್ಯವು ತನ್ನ ಗಡಿಗಳನ್ನು ತಿರುಚಿತೆಂಬ ಕಾರಣಕ್ಕೆ, ಶಾಸಕರೇ ಎಳೆದ ಕಾಂಗ್ರೆಸ್ ಕ್ಷೇತ್ರಗಳ ನಕ್ಷೆಯನ್ನು 2030ರ ವರೆಗೆ ಬಳಸಲು ಅದೇ ಜನ ಒಪ್ಪಿದರು. ನೆರೆಯವನು ಬೇಲಿ ಸರಿಸಿದರೆ ನಾವೂ ಸರಿಸುವೆವು ಎಂಬ ಮನಸ್ಸು ಬಂದಾಗ ಒಳ್ಳೆಯ ಕಟ್ಟಳೆಯೂ ಅಲುಗುತ್ತದೆ.

ನಿಮ್ಮ ಬೀದಿಯ ವಾರ್ಡು

ಅಮೆರಿಕದ ಕಥೆ ದೂರದ್ದೆಂದು ನಾವು ನಿಶ್ಚಿಂತರಾಗುವಂತಿಲ್ಲ. ವಿಧಾನಸಭೆಯ ಗಡಿಯನ್ನು ಹೊರಗಿನ ಆಯೋಗ ಎಳೆಯುವುದೇನೋ ನಿಜ. ಆದರೆ ನಿಮ್ಮ ನಗರದ ವಾರ್ಡಿನ ಗಡಿ, ಪಂಚಾಯಿತಿ ಕ್ಷೇತ್ರದ ಗಡಿ, ಇವು ರಾಜ್ಯದ ಕಾನೂನಿಗೆ ಸೇರಿದವು. ಇಲ್ಲಿ ಹಗ್ಗ ಇರುವುದು ರಾಜ್ಯ ಸರ್ಕಾರದ ಹತ್ತಿರ.

1992ರ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿಗಳಿಗೂ ನಗರಸಭೆಗಳಿಗೂ ಐದು ವರ್ಷದ ಅವಧಿಯನ್ನು ಗೊತ್ತುಮಾಡಿ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ವಿಧಿಸಿದವು. ನಡೆದದ್ದೇನು? ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆಯಾಗಿ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಆಗ ಇದ್ದ ವಾರ್ಡುಗಳು 198. ಹೊಸ ಕಾನೂನು ಬಂದು 2022ರಲ್ಲಿ ಅವು 243 ಆದವು. ಸರ್ಕಾರ ಬದಲಾಗಿ 2023ರಲ್ಲಿ 225 ಆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆದು ಎಣಿಕೆ ಮತ್ತೆ ಮೊದಲಿನಿಂದ ಶುರುವಾಯಿತು. 2025 ಮುಗಿಯುವವರೆಗೂ ಮತಪೆಟ್ಟಿಗೆ ಮಾತ್ರ ಹೊರಬರಲಿಲ್ಲ.

ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಅದೇ ವರ್ಷ ವಿಧಾನಮಂಡಲವು ಪಂಚಾಯತ್ ರಾಜ್ ಕಾನೂನಿಗೆ ತಿದ್ದುಪಡಿ ತಂದು, ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂದಕ್ಕೆ ಪಡೆದು, ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಿತು. ಹಿಂದುಳಿದ ವರ್ಗಗಳ ಮೀಸಲಾತಿಯ ತೊಡಕೂ ಅದಕ್ಕೆ ಕೂಡಿಕೊಂಡಿತು. ಇಲ್ಲಿಯೂ 2025ರ ಕೊನೆಯವರೆಗೆ ಚುನಾವಣೆ ಆಗಲಿಲ್ಲ. ಗಡಿಯ ಕೆಲಸ ಬಾಕಿಯಿದೆ ಎಂಬ ನೆಪದಿಂದ ಚುನಾವಣೆ ಮುಂದೂಡಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಅಹಮದಾಬಾದಿನ ಮೊಕದ್ದಮೆಯಲ್ಲೂ, 2022ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲೂ ಸ್ಪಷ್ಟವಾಗಿ ಹೇಳಿತ್ತು.

ಯಾವ ಪಕ್ಷದ ಸರ್ಕಾರ ಎಂಬ ಮಾತು ಇಲ್ಲಿ ಮುಖ್ಯವಲ್ಲ. ಈ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷಗಳು ಅಧಿಕಾರದಲ್ಲಿದ್ದವು. ಒಂದೇ ರಾಜ್ಯದಲ್ಲಿ, ಒಂದೇ ಜನರ ನಡುವೆ, ವಿಧಾನಸಭೆಯ ಚುನಾವಣೆ 2018ರಲ್ಲೂ 2023ರಲ್ಲೂ ಹೊತ್ತಿಗೆ ಸರಿಯಾಗಿ ನಡೆಯಿತು. ಪಾಲಿಕೆಯದೂ ಜಿಲ್ಲಾ ಪಂಚಾಯಿತಿಯದೂ ವರ್ಷಗಟ್ಟಲೆ ನಿಂತಿತು. ಮೊದಲನೆಯದರ ಗಡಿ ಹೊರಗಿನವರ ಕೈಯಲ್ಲಿ, ಎರಡನೆಯದರ ಗಡಿ ಆಳುವವರ ಕೈಯಲ್ಲಿ. ವ್ಯತ್ಯಾಸದ ಬೇರನ್ನು ಬಹುಮಟ್ಟಿಗೆ ಅಲ್ಲಿಯೇ ಹುಡುಕಬೇಕು. ನಿಮ್ಮ ಬೀದಿಯ ದೀಪ ಉರಿಯದಿದ್ದರೆ, ಚರಂಡಿ ಕಟ್ಟಿಕೊಂಡರೆ, ಕೇಳಲು ಚುನಾಯಿತನಾದ ಒಬ್ಬ ಸದಸ್ಯನೂ ಇಲ್ಲದೆ ಅಧಿಕಾರಿಯ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾದದ್ದು ಇದರ ಫಲ.

ನಾವು ಮಾಡಬಹುದಾದದ್ದು

ಗಡಿಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ಕಾಲ ಚಿಕ್ಕದು. ವಾರ್ಡಿನದಾಗಲಿ ಕ್ಷೇತ್ರದ್ದಾಗಲಿ, ಕರಡು ಬಂದಿತೆಂಬ ಸುದ್ದಿ ಕೇಳಿದ ಕೂಡಲೆ ನಿಮ್ಮ ಬೀದಿ ಎಲ್ಲಿ ಬಿದ್ದಿದೆ, ನೆರೆಯ ಕೇರಿ ಎಲ್ಲಿ ಬಿದ್ದಿದೆ, ಜನಸಂಖ್ಯೆ ಎಷ್ಟು ಎಂಬ ಮೂರು ಸಂಗತಿಗಳನ್ನು ನೋಡಿ. ರೈಲು ಹಳಿಯನ್ನೋ ಕೆರೆಯನ್ನೋ ದಾಟಿ ಗೆರೆ ಸೊಟ್ಟಗೆ ಹೋಗಿದ್ದರೆ ಕಾರಣ ಕೇಳಿ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಿ. ನಾಲ್ಕಾರು ಮನೆಯವರು ಸೇರಿ ಅಂಕಿಗಳನ್ನು ಹಿಡಿದು ಬರೆದ ಒಂದು ಕಾಗದಕ್ಕೆ, ಬೀದಿಯಲ್ಲಿ ಕೂಗಿದ ನೂರು ಮಾತಿಗಿಂತ ಹೆಚ್ಚು ತೂಕ.

ಸಂಬಳದ ಲೆಕ್ಕವೂ ಗುಟ್ಟಲ್ಲ. ರಾಜ್ಯದ ಆಯವ್ಯಯದ ಸಂಪುಟಗಳಲ್ಲಿ 2011 ಎಂಬ ಲೆಕ್ಕಶೀರ್ಷಿಕೆಯ ಕೆಳಗೆ ವಿಧಾನಮಂಡಲದ ಖರ್ಚೂ, 2015 ಎಂಬುದರ ಕೆಳಗೆ ಚುನಾವಣೆಗಳ ಖರ್ಚೂ ಅಚ್ಚಾಗಿರುತ್ತವೆ. ಮತ ಕೇಳಲು ಮನೆಗೆ ಬಂದ ಅಭ್ಯರ್ಥಿಗೆ ಎರಡೇ ಪ್ರಶ್ನೆಗಳನ್ನು ಹಾಕಿ: ನಿಮ್ಮ ಸಂಬಳದ ಮಸೂದೆಯನ್ನು ಚರ್ಚೆಯಿಲ್ಲದೆ ಒಪ್ಪುವಿರಾ? ವಾರ್ಡುಗಳ ಗಡಿಯನ್ನು ಸ್ವತಂತ್ರವಾದ ಆಯೋಗಕ್ಕೆ ಕೊಡಲು ಸಿದ್ಧರಿದ್ದೀರಾ? ಉತ್ತರವನ್ನು ನೆನಪಿಟ್ಟುಕೊಂಡು ಐದು ವರ್ಷದ ಮೇಲೆ ಮತ್ತೆ ಕೇಳಿ.

ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೂ ಚಿಂತೆಯಿಲ್ಲ ಎಂಬ ಗಾದೆ ಊಟದ ಮನೆಯಲ್ಲಿ ನಡೆದೀತು. ಪ್ರಜಾಪ್ರಭುತ್ವದಲ್ಲಿ ನಡೆಯದು. ಇಲ್ಲಿ ಬಡಿಸುವವನು ಯಾರ ಕಡೆಯವನೂ ಆಗಿರಬಾರದು, ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಸೌಟು ಕಾಣಿಸುತ್ತಿರಬೇಕು.